ಹಸಿ ಜೊಂಡು

ಡಾಕ್ಟರು ವಿಷಯ ಹೇಳಿದ್ದು ಆಸ್ಪತ್ರೆಯ ಕಾರಿಡಾರಿನಲ್ಲಿ, ಅದೂ ನಿಂತುಕೊಂಡೇ. ಇನ್ನು ಇಲ್ಲಿ ಇಟ್ಟುಕೊಂಡು ಮಾಡುವುದು ಏನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿ, ನೋವಿಗೆ ಔಷಧಿ ಬರೆದುಕೊಡುತ್ತೇನೆ, ಕೇಳಿದ್ದು ಕೊಡಿ, ಬೇಡ ಅನ್ನಬೇಡಿ. ಎಷ್ಟು ದಿನ ಅಂತ ಅಣ್ಣ ಕೇಳಿದ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಮುಂದಿನ ಬೇಸಿಗೆಯ ಮಾತು ಬೇಡ ಅಂದರು.

ಅಣ್ಣ ತಂಗಿಯ ರಟ್ಟೆ ಹಿಡಿದು ಮೆಟ್ಟಿಲ ಹತ್ತಿರಕ್ಕೆ ಎಳೆದುಕೊಂಡು ಹೋದ. ದಿನವಿಡೀ ಬಸ್ಸಿನ ಸ್ಟೇರಿಂಗ್ ತಿರುಗಿಸುವ ಕೈ ಅದು, ಹಿಡಿದರೆ ನೋಯುತ್ತದೆ.

"ಅಮ್ಮನಿಗೆ ಗೊತ್ತಾಗಬಾರದು," ಅಂದ. "ಗೊತ್ತಾದ ದಿನಾನೇ ಹೋಗಿಬಿಡ್ತಾಳೆ. ನಿನ್ನ ಮುಖ ನೋಡಿದ್ರೆ ಸಾಕು, ಎಲ್ಲಾ ಹೊರಗೆ ಬರುತ್ತೆ. ಹೋಗು, ಮೊದಲು ಮುಖ ತೊಳ್ಕೊಂಡು ಬಾ."

ಅವಳು ಮುಖ ತೊಳೆದುಕೊಂಡು ಬಂದಳು. ಇಬ್ಬರೂ ಬಾಯಿ ತುಂಬ ನಗು ತಂದುಕೊಂಡು ವಾರ್ಡಿಗೆ ಹೋಗಿ, ಅಮ್ಮಾ, ಡಾಕ್ಟರು ಮನೆಗೆ ಬಿಟ್ಟರು, ಎಲ್ಲಾ ಸರಿ ಹೋಗಿದೆಯಂತೆ ಅಂದರು. ಅಮ್ಮ ಒಮ್ಮೆ ಮಗನ ಮುಖ ನೋಡಿದಳು, ಒಮ್ಮೆ ಮಗಳ ಮುಖ ನೋಡಿದಳು. "ಸರಿ ಹೋಗಿದ್ರೆ ನನ್ನ ಚಪ್ಪಲಿ ಎಲ್ಲಿ, ಕೊಡಿ," ಅಂದಳು.

ಅಮ್ಮನಿಂದ ಏನಾದರೂ ಮುಚ್ಚಿಡುವುದು ಅಂದರೆ ಅದೇನು ಹುಡುಗಾಟವೇ? ಬೀದಿಯವರೆಲ್ಲ ಅವಳನ್ನು ಕುರ್ಚಿಯಮ್ಮ ಅಂತಲೇ ಕರೆಯುತ್ತಿದ್ದರು. ಮರದ ಕುರ್ಚಿಯ ಚೌಕಟ್ಟಿಗೆ ಜೊಂಡು ಹೊಸೆದು ಸೀಟು ಹೆಣೆಯುವುದು ಅವಳ ಕಸುಬು. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಬಾಗಿಲು ತೆಗೆದರೆ ಬೀದಿ. ಬೀದಿಯಲ್ಲಿ ಯಾರ ಮನೆಯ ಕುರ್ಚಿ ಕಿರುಗುಟ್ಟಿದರೂ ಯಾವ ಮೂಲೆ ಬಿಟ್ಟಿದೆ ಅಂತ ಕುಳಿತಲ್ಲಿಂದಲೇ ಹೇಳುವಳು. ಹೊಗಳುವ ಅಭ್ಯಾಸ ಮಾತ್ರ ಆ ಬಾಯಿಗೆ ಇರಲಿಲ್ಲ. ತೀರಾ ಚೆನ್ನಾಗಿದ್ದರೆ ಸುಮ್ಮನಿರುವಳು, ಅದೇ ಪ್ರಶಸ್ತಿ.

ಮಗಳಿಗೆ ಆ ಪ್ರಶಸ್ತಿಯೂ ಸಿಕ್ಕಿರಲಿಲ್ಲ. ಹುಡುಗಿಯಾಗಿದ್ದಾಗ ಅವಳು ಹೆಣೆದ ಮೊದಲನೆಯ ಕುರ್ಚಿಯ ಮೇಲೆ ಮೂಲೆಮನೆಯ ದರ್ಜಿ, ಆಳು ಸ್ವಲ್ಪ ಭಾರಿಯೇ, ಉಸ್ಸಪ್ಪಾ ಅಂತ ಕುಳಿತ. ಕುಳಿತವನು ಹಾಗೇ ಕೆಳಗಿಳಿದ. ಮಂಡಿ ಮೇಲೆ, ಸೊಂಟ ಕೆಳಗೆ, ಚೌಕಟ್ಟಿನೊಳಗೆ ಸಿಕ್ಕಿಕೊಂಡು, "ಯಾರಾದ್ರೂ ಎತ್ರಪ್ಪೋ!" ಅಂತ ಕೂಗಿಕೊಂಡ. ಅವನನ್ನು ಎತ್ತಲು ಅಣ್ಣನೂ ಎದುರಂಗಡಿಯ ಬಡಗಿ ಮಾವನೂ ಸೇರಬೇಕಾಯಿತು. ಅವತ್ತಿನಿಂದ ಅಮ್ಮ ಅವಳನ್ನು ಸಡಿಲಮ್ಮ ಅಂತ ಕರೆದಳು. ಅಣ್ಣ ಕರೆದ, ಬೀದಿ ಕರೆಯಿತು. ಹುಡುಗಿ ಬೆಳೆದು, ಕೈ ಕುದುರಿ, ತಲೆಯಲ್ಲಿ ಎರಡು ಬಿಳಿಕೂದಲು ಬಂದರೂ ಆ ಹೆಸರು ಮಾತ್ರ ಸಡಿಲವಾಗಲಿಲ್ಲ.

ಈಗ ಜೊಂಡಿನ ವಿಷಯ ಒಂದಿಷ್ಟು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಜೊಂಡು ಅಂದರೆ ಊರಾಚೆ ಜೌಗಿನಲ್ಲಿ, ಮೊಣಕಾಲುದ್ದ ನೀರಿನಲ್ಲಿ ಬೇರೂರಿ ನಿಲ್ಲುವ ಗಿಡ. ಗಿಡ ಅನ್ನುವುದಕ್ಕೂ ಅದರಲ್ಲಿ ಏನಿದೆ ಹೇಳಿ? ಎಲೆ ಇಲ್ಲ, ಬುಡದಲ್ಲಿ ಕಂದು ಬಣ್ಣದ ಒಂದು ತೊಗಟೆ ಸುತ್ತಿಕೊಂಡಿರುತ್ತದೆ, ಅದೇ ಎಲೆ ಅಂತ ತಿಳಿದುಕೊಳ್ಳಬೇಕು. ಗೆಣ್ಣಿಲ್ಲ, ಕೊಂಬೆಯಿಲ್ಲ. ನೆಟ್ಟಗೆ, ದುಂಡಗೆ, ಹಸಿರು ಕಡ್ಡಿ. ಹೂವೂ ತುದಿಯಲ್ಲಿ ಬಿಡದೆ ಪಕ್ಕೆಯಲ್ಲಿ ಕಂದು ಗೊಂಚಲಾಗಿ ಹೊರಡುತ್ತದೆ. ಸುಲಿದರೆ ಒಳಗೆ ಬೆಳ್ಳನೆಯ ತಿರುಳು, ಹತ್ತಿಗಿಂತ ಮೆತ್ತಗೆ, ತುಂಬ ಗಾಳಿ. ಕೆಸರಿನಲ್ಲಿ ಹೂತಿರುವ ಬೇರಿಗೆ ಉಸಿರು ಹೋಗುವುದೇ ಆ ತಿರುಳಿನ ಮೂಲಕ. ವರ್ಷಕ್ಕೊಮ್ಮೆ, ಬೇಸಿಗೆಯ ಕೊನೆಗೆ, ನೀರಿನ ಮಟ್ಟದ ಕೆಳಗೆ ಕೈಹಾಕಿ ಕೊಯ್ಯಬೇಕು. ಬೇರು ಕೀಳಬಾರದು. ಬೇರಿದ್ದರೆ ಮರುವರ್ಷ ಮತ್ತೆ ಅಷ್ಟೇ ಎತ್ತರ ನಿಲ್ಲುತ್ತದೆ, ಯಾರು ಕೊಯ್ದರು ಯಾಕೆ ಕೊಯ್ದರು ಅಂತ ಕೇಳುವುದಿಲ್ಲ.

ಕೊಯ್ದದ್ದನ್ನು ನೆರಳಿನಲ್ಲಿ ಹರಡಿ, ದಿನಾ ಮಗುಚಿ ಹಾಕಿ, ಪೂರಾ ಒಣಗಿಸಬೇಕು. ಒಣಗಿದ ಮೇಲೆ ಕಟ್ಟು ಕಟ್ಟಿ ಅಟ್ಟಕ್ಕೆ. ಹೆಣೆಯುವ ಹಿಂದಿನ ದಿನ ಇಳಿಸಿ, ನೀರು ಚಿಮುಕಿಸಿ, ಒದ್ದೆ ಗೋಣಿಯಲ್ಲಿ ಸುತ್ತಿಟ್ಟರೆ ಮತ್ತೆ ಚರ್ಮದ ಹಾಗೆ ಬಾಗುತ್ತದೆ. ಇಷ್ಟೆಲ್ಲ ಯಾಕೆ, ಹಸಿಯಾಗಿದ್ದಾಗಲೇ ಬಾಗುತ್ತದಲ್ಲ, ಕೊಯ್ದ ಕೂಡಲೇ ಹೆಣೆಯಬಾರದೇ? ಕಸುಬಿಗೆ ಬಂದ ಹೊಸಬರೆಲ್ಲ ಕೇಳುವ ಪ್ರಶ್ನೆ ಇದು. ಹೆಣೆಯಬಹುದು. ಹೊಳೆಯುತ್ತದೆ, ಬಿಗಿಯಾಗಿ ಕೂರುತ್ತದೆ, ನೋಡಿದರೆ ಕಣ್ಣು ತಂಪಾಗುತ್ತದೆ. ಆಮೇಲೆ ಸೀಟಿನಲ್ಲೇ ಒಣಗಲು ಶುರುವಾಗುತ್ತದೆ. ಒಳಗಿನ ನೀರು ಹೋದಂತೆ ಕಡ್ಡಿ ಕುಗ್ಗಿ, ಎಳೆಯೆಳೆಯ ನಡುವೆ ಬೆರಳು ತೂರುವಷ್ಟು ಸಂದು ಬಿದ್ದು, ಒಂದೆರಡು ತಿಂಗಳಲ್ಲಿ ಸೀಟು ಜೋಳಿಗೆಯಂತೆ ಜೋಲುತ್ತದೆ. ಅದಕ್ಕೇ ಈ ಕಸುಬಿನವರು ಯಾರೂ, ಎಂಥ ಸೋಮಾರಿಯಾದರೂ, ಹಸಿ ಜೊಂಡು ಹೆಣೆಯುವುದಿಲ್ಲ.

ಅಮ್ಮ ಮನೆಗೆ ಬಂದಳು. ಬಂದ ಮೇಲೆ ತಿಳಿದದ್ದು ಏನೆಂದರೆ ಅವಳಿಗೆ ಮಲಗಲು ಆಗುತ್ತಿಲ್ಲ. ಮಲಗಿದರೆ ಉಸಿರು ಕಟ್ಟುತ್ತಿತ್ತು. ದಿಂಬು ಮೇಲೆ ದಿಂಬು ಒಟ್ಟಿದರೂ ಜಾರುತ್ತಿದ್ದಳು. ಅಣ್ಣ ಪ್ಲಾಸ್ಟಿಕ್ ಕುರ್ಚಿ ತಂದ. ಅಮ್ಮ ಅದನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇದರ ಮೇಲೆ ನನ್ನ ಕೂರಿಸೋ ಬದಲು ಬಾವಿಗೆ ನೂಕು," ಅಂದಳು. ಆದರೂ ಕುಳಿತಳು. ಬೆನ್ನು ಬೆವೆತು, ಮೂಳೆ ಒತ್ತಿ, ಸಂಜೆಯೊಳಗೆ ಮುಖ ಕಪ್ಪಿಟ್ಟಿತು. ಸ್ಪಂಜಿನ ಮೆತ್ತೆ ಹಾಕಿದರೆ ಅದರಲ್ಲಿ ಹುದುಗಿಹೋಗಿ, ಏಳಲು ಆಗದೆ, ಸಿಟ್ಟು ಬಂದು ಅಳುತ್ತಿದ್ದಳು. ಅಮ್ಮ ಅಳುವುದನ್ನು ಸಡಿಲಮ್ಮ ಅದೇ ಮೊದಲು ನೋಡಿದ್ದು. ಅವಳಿಗೆ ಎಲ್ಲಿ ನಿಲ್ಲಬೇಕು, ಏನು ಮಾಡಬೇಕು ಒಂದೂ ತೋಚಲಿಲ್ಲ.

"ನನ್ನ ಕುರ್ಚಿ ಎಲ್ಲಿ?" ಅಂದಳು ಅಮ್ಮ ಒಂದು ಬೆಳಿಗ್ಗೆ.

ಅವಳದೇ ಒಂದು ಕುರ್ಚಿಯಿತ್ತು. ಗಿಡ್ಡ ಕಾಲು, ಅಗಲ ಬೆನ್ನು, ಎರಡು ಕೈಹಿಡಿ, ಬಡಗಿ ಮಾವ ಎಷ್ಟೋ ವರ್ಷದ ಹಿಂದೆ ಮಾಡಿಕೊಟ್ಟದ್ದು. ಅದರ ಸೀಟು ಹರಿದು ನೇತಾಡಿ, ಹಿತ್ತಿಲ ಬಾಗಿಲ ಹಿಂದೆ ಬಿದ್ದಿತ್ತು. ಬೀದಿಯ ಕುರ್ಚಿಗಳನ್ನೆಲ್ಲ ಹೆಣೆದವಳಿಗೆ ತನ್ನದನ್ನು ಹೆಣೆದುಕೊಳ್ಳಲು ಪುರಸೊತ್ತಾಗಿರಲಿಲ್ಲ.

"ಅದಕ್ಕೊಂದು ಸೀಟು ಹಾಕಿಕೊಡೇ. ಅದರಲ್ಲಾದ್ರೆ ಕೂರಬಲ್ಲೆ."

ಸಡಿಲಮ್ಮ ಅಟ್ಟ ಹತ್ತಿದಳು. ಅಟ್ಟದಲ್ಲಿ ಏನಿತ್ತು ಅಂತೀರಾ? ಈ ವರ್ಷದ ಕೊಯ್ಲಿನ ಹೊತ್ತಿಗೆ ಅಮ್ಮ ಆಸ್ಪತ್ರೆಯಲ್ಲಿ, ಇವಳು ಅಮ್ಮನ ಮಂಚದ ಪಕ್ಕ. ಜೌಗಿನ ಕಡೆ ತಲೆಹಾಕಿಯೂ ಮಲಗಿರಲಿಲ್ಲ. ಹೋದ ವರ್ಷದ ಒಂದು ಕಟ್ಟು ಉಳಿದಿತ್ತು. ಮನೆಗೆ ಬೀಗ ಹಾಕಿದ್ದಾಗ ಹೆಂಚಿನ ಸಂದಿನಿಂದ ನೀರು ಸೋರಿ, ಆ ಕಟ್ಟು ಬೂಸಲು ಹಿಡಿದು ಕಪ್ಪಾಗಿತ್ತು. ಕೈಯಲ್ಲಿ ಹಿಡಿದರೆ ಹುಡಿ. ಅವಳು ಆ ಹುಡಿಯ ನಡುವೆ ಸ್ವಲ್ಪ ಹೊತ್ತು ಕುಕ್ಕರುಗಾಲಿನಲ್ಲಿ ಕುಳಿತಿದ್ದು, ಕಣ್ಣು ಒರೆಸಿಕೊಂಡು ಇಳಿದಳು.

"ಜೊಂಡು ಇದೆಯೇನೇ?"

"ಇದೆಯಮ್ಮ. ಬೇಕಾದಷ್ಟಿದೆ," ಅಂದುಬಿಟ್ಟಳು. ಒಂದು ಸುಳ್ಳಿಗೆ ಕೈಹಾಕಿದವರಿಗೆ ಎರಡನೆಯದು ತಾನೇ ನಾಲಿಗೆಗೆ ಬರುತ್ತದೆ.

ಮರುದಿನ ಬೆಳಿಗ್ಗೆ ಅಣ್ಣ ರಜೆ ಹಾಕಿ ಅಮ್ಮನ ಪಕ್ಕ ಕುಳಿತ. ಸಡಿಲಮ್ಮ ಔಷಧಿ ತರುತ್ತೇನೆ ಅಂತ ಹೇಳಿ, ಚೀಲದಲ್ಲಿ ಕುಡುಗೋಲು ಹಾಕಿಕೊಂಡು ಜೌಗಿಗೆ ಹೋದಳು. ಬಸ್ ಡಿಪೋದ ಹಿಂದೆ, ಹಳೆಯ ಟಯರುಗಳ ರಾಶಿ ದಾಟಿದರೆ ಜೌಗು. ಚಳಿ ಶುರುವಾಗಿತ್ತು. ಬೇರೆಲ್ಲ ಹುಲ್ಲು ಒಣಗಿ ಮಕಾಡೆ ಬಿದ್ದಿದ್ದರೂ ಜೊಂಡು ಮಾತ್ರ ತುದಿಯಲ್ಲಿ ಒಂದಿಷ್ಟು ಕಂದಾಗಿ, ಉಳಿದಂತೆ ಹಸಿರಾಗಿಯೇ ನಿಂತಿತ್ತು. ಅವಳು ನೀರಿಗಿಳಿದಳು. ನೀರು ಮೂಳೆ ಕೊರೆಯುವಷ್ಟು ತಣ್ಣಗಿತ್ತು. ಕೊಯ್ಯುವ ಮುಂಚೆ ಒಂದು ಕಡ್ಡಿ ಸುಲಿದು ತಿರುಳು ನೋಡುವುದು ಅಮ್ಮನ ಪದ್ಧತಿ. ಬೆಳ್ಳಗಿದ್ದರೆ ಕೊಯ್ಯಬೇಕು, ಹಳದಿಯಾಗಿದ್ದರೆ ಬಿಡಬೇಕು. ಸುಲಿದು ನೋಡಿದಳು. ಬೆಳ್ಳಗಿತ್ತು.

ಹಾಳು ತಿರುಳು ಬೆಳ್ಳಗಿದ್ದರೆ ಏನು ಬಂತು? ಒಣಗಲು ಕಾವಿಲ್ಲ, ಗಾಳಿಯಿಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ದಿನವಿಲ್ಲ. ಅವಳು ಸೊಂಟ ಬಗ್ಗಿಸಿ, ನೀರೊಳಗೆ ಕೈಯಾಡಿಸಿ, ಹಿಡಿಹಿಡಿಯಾಗಿ ಕೊಯ್ದಳು. ಕೊಯ್ಯುತ್ತ ಕೊಯ್ಯುತ್ತ ಅಳು ಬಂತು. ಮನೆಯಲ್ಲಿ ಅಳುವ ಹಾಗಿರಲಿಲ್ಲ, ಆಸ್ಪತ್ರೆಯಲ್ಲಿ ಅಳುವ ಹಾಗಿರಲಿಲ್ಲ, ಇಲ್ಲಿ ಕೇಳುವವರು ಯಾರು? ಬಾಯಿಬಿಟ್ಟು, ಚಿಕ್ಕ ಹುಡುಗಿಯ ಹಾಗೆ ಅಮ್ಮಾ ಅಮ್ಮಾ ಅಂತ ಅತ್ತಳು. ಪ್ರತಿ ವರ್ಷ ಈ ನೀರಿನಲ್ಲಿ ಅವಳ ಮುಂದೆ ಅಮ್ಮನ ಬೆನ್ನು ಇರುತ್ತಿತ್ತು. ಬೇರಿಗೆ ಕೈಹಾಕಬೇಡ, ಓರೆಯಾಗಿ ಕೊಯ್ಯಬೇಡ, ನಿನ್ನ ಕಣ್ಣೇನು ಹಿತ್ತಲಲ್ಲಿ ಬಿಟ್ಟು ಬಂದೆಯಾ ಅಂತ ಬೈಗುಳ ಕೇಳುತ್ತ ಕೊಯ್ದು ಅಭ್ಯಾಸವಾದ ಕೈಗೆ, ಬೈಗುಳವಿಲ್ಲದೆ ಕೊಯ್ಯುವುದು ಗೊತ್ತಾಗುತ್ತಿರಲಿಲ್ಲ.

ಕಟ್ಟನ್ನು ಮನೆಗೆ ಒಯ್ಯುವಂತಿರಲಿಲ್ಲ. ಹಸಿ ಜೊಂಡಿನ ವಾಸನೆ ಅಮ್ಮನ ಮೂಗಿಗೆ ಮೈಲಿ ದೂರದಿಂದಲೇ ಬಡಿಯುತ್ತದೆ. ಹಿತ್ತಲಿನಿಂದ ಕುರ್ಚಿ ಎತ್ತಿಕೊಂಡು ನೇರ ಬಡಗಿ ಮಾವನ ಅಂಗಡಿಗೆ ಹೋದಳು. ಬಡಗಿ ಮಾವ ಸಂಬಂಧದಲ್ಲಿ ಮಾವನಲ್ಲ, ತೀರಿಹೋದ ಅಪ್ಪನ ಸ್ನೇಹಿತ. ಅಮ್ಮ ಹೆಣೆಯುವ ಕುರ್ಚಿಗಳಿಗೆಲ್ಲ ಚೌಕಟ್ಟು ಅವನದೇ. ಒಂದು ಕಿವಿ ಕೇಳಿಸದು. ಯಾವ ಕಿವಿ ಅನ್ನುವುದು ಎದುರಿಗಿರುವವರು ಏನು ಕೇಳುತ್ತಿದ್ದಾರೆ ಅನ್ನುವುದರ ಮೇಲೆ ನಿಂತಿರುತ್ತಿತ್ತು.

ಕಟ್ಟು ಬಿಚ್ಚುತ್ತಿದ್ದ ಹಾಗೆ ಅವನು ಉಳಿ ಕೆಳಗಿಟ್ಟ. "ಏನಿದು? ಹಸಿಯದು?"

"ಹ್ಞೂಂ ಮಾವ."

"ಹಸಿಯದು ಹೆಣೀತೀಯಾ? ನಿನಗೇನು ತಲೆ ನೆಟ್ಟಗಿಲ್ವಾ? ನಿಮ್ಮಮ್ಮ ನೋಡಿದ್ರೆ ನಿನ್ನ ಕೈ ಮುರೀತಾಳೆ."

"ಒಣಗಿಸೋಕೆ ಟೈಮಿಲ್ಲ ಮಾವ," ಅಂದಳು.

ಅಷ್ಟೇ ಅಂದದ್ದು. ಅವನು ಮತ್ತೆ ಏನೋ ಬೈಯಲು ಬಾಯಿ ತೆರೆದವನು ಹಾಗೇ ನಿಂತ. ಮೂಲೆಯ ಸ್ಟೂಲಿನ ಮೇಲೆ ಕುಳಿತು, ಮರದ ಹೊಟ್ಟಿನಲ್ಲಿ ಕಾಲಿನ ಹೆಬ್ಬೆರಳಿನಿಂದ ಗೀಚತೊಡಗಿದ. "ನಿಜವಾ?" ಅಂದ. ಅವಳು ತಲೆಯಾಡಿಸಿದಳು. "ಅವಳಿಗೆ ಗೊತ್ತಾ?" ಅವಳು ಇಲ್ಲ ಅಂತ ತಲೆಯಾಡಿಸಿದಳು. ಅವನು ಎದ್ದು ಅಂಗಡಿಯ ಬಾಗಿಲು ಎಳೆದುಕೊಂಡ, ಬೀದಿಯವರಿಗೆ ಕಾಣದ ಹಾಗೆ.

ಮೊದಲು ಒಂದು ಹಿಡಿಯನ್ನು ಅವನ ಅಂಟು ಕಾಯಿಸುವ ಒಲೆಯ ಮೇಲೆ ಹಿಡಿದು ಒಣಗಿಸಿ ನೋಡಿದರು. ಒಣಗಿತು, ಆದರೆ ಹೊಸೆಯಲು ಹೋದರೆ ಲಟಲಟ ಮುರಿಯಿತು. ಬೆಂಕಿಗೆ ಒಣಗಿದ ಜೊಂಡಿಗೆ ಬಾಗುವುದು ಮರೆತುಹೋಗುತ್ತದೆ. ಸರಿ, ಬೇರೆ ದಾರಿಯಿಲ್ಲ ಅಂತ ಹಸಿಯದನ್ನೇ ಕೈಗೆತ್ತಿಕೊಂಡಳು.

ಅವತ್ತು ಅವಳು ಹೆಣೆದ ಹಾಗೆ ಜೀವಮಾನದಲ್ಲಿ ಹೆಣೆದಿರಲಿಲ್ಲ. ಒಂದೊಂದು ಕಡ್ಡಿಯನ್ನೂ ಬೆರಳ ನಡುವೆ ಒತ್ತಿ ಎಳೆದು, ಒಳಗಿನ ಗಾಳಿ ಚಟಚಟ ಅಂತ ಹೊರಡಿಸಿ, ನೀರು ಹಿಂಡಿ ತೆಗೆದಳು. ದಪ್ಪದೊಂದು ಸಣ್ಣದೊಂದು ಜೋಡಿಸಿ, ಮೂಲೆಯಿಂದ ಆಚೆಗೆ ಹೊಸೆದು, ಅಡ್ಡಪಟ್ಟಿಯ ಮೇಲಿಂದ ಸುತ್ತಿ ತಂದು, ಮರದ ಸುತ್ತಿಗೆಯಿಂದ ತಟ್ಟಿ ತಟ್ಟಿ ಸಂದಿಲ್ಲದ ಹಾಗೆ ಕೂರಿಸಿದಳು. ಸೀಟಿನ ಒಳಗೆ ತುಂಬಲು ಒಣ ಚೂರು ಬೇಕು. ಮೊದಲೇ ಬಿಚ್ಚಿ ಪಕ್ಕಕ್ಕಿಟ್ಟಿದ್ದ ಹರಿದ ಹಳೆಯ ಸೀಟಿನ ಹೊಟ್ಟೆಯೊಳಗೆ ಅಮ್ಮ ಯಾವಾಗಲೋ ತುರುಕಿದ್ದ ಚೂರುಗಳು ಇನ್ನೂ ಗರಿಗರಿಯಾಗಿದ್ದವು. ಅವನ್ನೇ ತೆಗೆದು ಮತ್ತೆ ತುಂಬಿದಳು. ಕೊನೆಯ ಎಳೆ ಎಳೆದು ಗಂಟು ಹಾಕುವಾಗ ಎರಡೂ ಅಂಗೈ ಸುಲಿದಿದ್ದವು. ಬಡಗಿ ಮಾವ ಬಂದು ಸೀಟಿನ ಮೇಲೆ ಬೆರಳಿನಿಂದ ತಟ್ಟಿದ. ಮೃದಂಗದ ಹಾಗೆ ಬಿಗಿಯಾಗಿತ್ತು.

"ನೋಡೋಕೆ ಕಣ್ಣೆರಡು ಸಾಲದು," ಅಂದ. ಆಮೇಲೆ ಹಸಿರು ಕಾಣದಿರಲಿ, ಹಸಿ ವಾಸನೆಯೂ ಹೊಡೆಯದಿರಲಿ ಅಂತ ಒಲೆಯ ಬೂದಿಯನ್ನು ಬಟ್ಟೆಯಲ್ಲಿ ಹಿಡಿದು ತೆಳ್ಳಗೆ ಉಜ್ಜಿಕೊಟ್ಟ. ಇಬ್ಬರು ಕಳ್ಳರು ಸೇರಿದಂತಾಯಿತು.

ಸಡಿಲಮ್ಮನಿಗೆ ಒಂದು ಧೈರ್ಯವಿತ್ತು. ಔಷಧಿಯಿಂದ ಅಮ್ಮನ ಬೆರಳ ತುದಿಗಳು ಜೋಮು ಹಿಡಿದಿದ್ದವು. ಬಿಸಿ ಲೋಟ ಹಿಡಿದರೂ ಗೊತ್ತಾಗುತ್ತಿರಲಿಲ್ಲ. ಕಣ್ಣೂ ಮಂಜು. ಅಮ್ಮನಿಗೆ ತಿಳಿಯುವುದಿಲ್ಲ, ಖಂಡಿತ ತಿಳಿಯುವುದಿಲ್ಲ ಅಂತ ತನಗೆ ತಾನೇ ಹೇಳಿಕೊಳ್ಳುತ್ತ ಕುರ್ಚಿ ಹೊತ್ತು ಬೀದಿ ದಾಟಿದಳು.

ಅಣ್ಣ ಅಮ್ಮನ ಕಂಕುಳಿಗೆ ಕೈಕೊಟ್ಟು ಎತ್ತಿ ಕುರ್ಚಿಯಲ್ಲಿ ಇಳಿಸಿದ. ಅಮ್ಮ ಕುಳಿತಳು. ಬೆನ್ನು ಒರಗಿತು, ಭುಜ ಇಳಿಯಿತು, ಎಷ್ಟೋ ದಿನದಿಂದ ಮೇಲೆ ಮೇಲೆ ಓಡುತ್ತಿದ್ದ ಉಸಿರು ಕೆಳಗಿಳಿಯಿತು. "ಹಾ," ಅಂದಳು. ಆಮೇಲೆ, ಅಭ್ಯಾಸಬಲ ನೋಡಿ, ಬಲಗೈ ತಾನಾಗಿ ಸೀಟಿನ ಅಂಚಿಗೆ ಹೋಯಿತು. ಹೆಬ್ಬೆರಳು ಅಡ್ಡಪಟ್ಟಿಯ ಕೆಳಗೆ ನುಗ್ಗಿ ಮೂಲೆಯನ್ನು ಒತ್ತಿತು. ಅಮ್ಮ ಒಮ್ಮೆ ಎಡಕ್ಕೆ ವಾಲಿದಳು, ಒಮ್ಮೆ ಬಲಕ್ಕೆ ವಾಲಿದಳು. ಒಣಗಿದ ಜೊಂಡಿನ ಸೀಟು ಹೀಗೆ ವಾಲಿದಾಗ ಕಿರ್ ಅನ್ನುತ್ತದೆ. ಇದು ಮೂಕವಾಗಿತ್ತು.

ಕೈ ಮೂಲೆಯಲ್ಲೇ ನಿಂತಿತು.

"ಚೆನ್ನಾಗಿದೆ," ಅಂದಳು ಅಮ್ಮ.

ಅಣ್ಣ ಹೌಹಾರಿದ. "ಏನಂದೆ? ಇನ್ನೊಂದು ಸಲ ಹೇಳು! ಬಾಯಿ ತಪ್ಪಿ ಬಂತಾ?"

"ಚೆನ್ನಾಗಿದೆ ಅಂದೆ ಕಣೋ. ನಿನಗೂ ಬಡಗಿ ಹಾಗೆ ಕಿವಿ ಹೋಯ್ತಾ?" ಮಗಳ ಕಡೆ ತಿರುಗಿದಳು. "ಬಿಗಿಯಾಗಿದೆ. ಬಾ ಇಲ್ಲಿ, ಕೈ ತೋರಿಸು."

ಸುಲಿದ ಅಂಗೈಗಳನ್ನು ತನ್ನ ಜೋಮು ಬೆರಳಿನಲ್ಲಿ ಹಿಡಿದುಕೊಂಡು ಅಮ್ಮ ಸುಮ್ಮನೆ ಕುಳಿತಳು. ಸಡಿಲಮ್ಮನ ಕಾಲು ನೆಲದ ಮೇಲಿರಲಿಲ್ಲ. ಬಡಗಿ ಮಾವನ ಅಂಗಡಿಗೆ ಓಡಿಹೋಗಿ, ಅವನ ಒಳ್ಳೆಯ ಕಿವಿಯಲ್ಲೇ ಕೂಗಿದಳು: "ಗೊತ್ತಾಗ್ಲಿಲ್ಲ ಮಾವ! ಚೆನ್ನಾಗಿದೆ ಅಂದ್ಲು! ಅಮ್ಮ, ನನಗೆ, ಚೆನ್ನಾಗಿದೆ ಅಂದ್ಲು!"

ಬಡಗಿ ಮಾವ ನಗಲಿಲ್ಲ. "ಚೆನ್ನಾಗಿದೆ ಅಂದ್ಲಾ," ಅಂದವನು ತಿರುಗಿ ಕೀಸುಳಿ ಹುಡುಕತೊಡಗಿದ. ಕೀಸುಳಿ ಅವನ ಕೈಯಲ್ಲೇ ಇತ್ತು.

ಅಮ್ಮ ಆ ಕುರ್ಚಿಯಿಂದ ಏಳಲೇ ಇಲ್ಲ ಅನ್ನಬಹುದು. ಬೀದಿಗೆ ಮುಖ ಮಾಡಿ ಕುಳಿತು, ಹೋಗುವವರು ಬರುವವರನ್ನು ಮಾತಾಡಿಸಿ, ದರ್ಜಿಗೆ ಹೊಟ್ಟೆ ಇಳಿಸಲು ಹೇಳಿ, ಮಗನಿಗೆ ಕೂದಲು ಕತ್ತರಿಸಿಕೊಳ್ಳಲು ಹೇಳಿ, ಹಗಲೆಲ್ಲ ದರ್ಬಾರು. ನೋವು ಬಂದಾಗ ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಳ್ಳುವಳು. ಅಣ್ಣ ಬಂದಾಗ ಮಾತ್ರ ಕೈಬಿಟ್ಟು ಮಡಿಲಲ್ಲಿ ಇಟ್ಟುಕೊಳ್ಳುವಳು. ಇದನ್ನು ಸಡಿಲಮ್ಮ ನೋಡಿದ್ದಳು, ಆದರೆ ಅದರ ಅರ್ಥ ಅವಳ ತಲೆಗೆ ಹೋಗಿರಲಿಲ್ಲ. ಸಂತೋಷ ಮನುಷ್ಯನನ್ನು ಪೆದ್ದು ಮಾಡುತ್ತದೆ, ಸ್ವಲ್ಪವೇ ಇದ್ದರೂ ಮಾಡುತ್ತದೆ.

ಒಂದು ಮಧ್ಯಾಹ್ನ ಬೀದಿ ಖಾಲಿಯಿತ್ತು. ಸಡಿಲಮ್ಮ ಅಮ್ಮನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಕಾಲು ಊದಿತ್ತು, ಒತ್ತಿದಲ್ಲಿ ಗುಳಿ ಬೀಳುತ್ತಿತ್ತು.

"ಬರೋ ಬೇಸಿಗೆಗೆ ಜೊಂಡು ಕೊಯ್ದು, ಚೆನ್ನಾಗಿ ಒಣಗಿಸಿ, ಈ ಸೀಟನ್ನ ಬಿಚ್ಚಿ ಹೊಸದಾಗಿ ಹೆಣಿ," ಅಂದಳು ಅಮ್ಮ.

"ಯಾಕಮ್ಮ? ಚೆನ್ನಾಗಿದೆ ಅಂದ್ಯಲ್ಲ?"

"ನನಗೆ ಸಾಕು ಇದು. ನಿನಗೆ ಸಾಲದು."

ಸಡಿಲಮ್ಮನ ಕೈ ನಿಂತಿತು. ತಲೆಯೆತ್ತಲು ಧೈರ್ಯವಾಗಲಿಲ್ಲ. ಎಣ್ಣೆಯ ಕೈ ಅಮ್ಮನ ಪಾದದ ಮೇಲೆ ಹಾಗೇ ಇತ್ತು.

"ಅಮ್ಮಾ..."

"ಎಷ್ಟು ವರ್ಷದಿಂದ ಮುಟ್ತಿದ್ದೀನಿ ಜೊಂಡನ್ನ? ಬೆರಳು ಸತ್ತಿರಬಹುದು, ನನ್ನ ಕುಂಡಿ ಸತ್ತಿಲ್ಲ. ಕೂತ ಕೂಡ್ಲೇ ತಂಪು ಹತ್ತಿತು." ಅಮ್ಮ ನಕ್ಕಳು, ನಗುವುದಕ್ಕೆ ಉಸಿರು ಸಾಲದೆ ಕೆಮ್ಮಿದಳು. "ಬೂದಿ ಬೇರೆ ಬಳಿದಿದ್ದೀರಿ. ಆ ಬುದ್ಧಿ ಬಡಗಿಯದು, ನಿನ್ನದಲ್ಲ."

"ಯಾವಾಗಿಂದ ಗೊತ್ತು ನಿನಗೆ?"

"ಸಂಶಯ ಆಸ್ಪತ್ರೆಯಲ್ಲೇ ಇತ್ತು. ನೀವಿಬ್ಬರೂ ಹಲ್ಲು ಕಿರ್ಕೊಂಡು ಬಂದ್ರಲ್ಲ, ನಾಟಕದವರ ಹಾಗೆ." ಅಮ್ಮ ಬೀದಿಯ ಕಡೆ ನೋಡಿದಳು. "ಆದ್ರೂ ಮನುಷ್ಯರಲ್ವೇನೇ. ಆಸೆ ಇತ್ತು. ಇನ್ನೊಂದು ಕೊಯ್ಲು ನೋಡ್ತೀನೇನೋ ಅಂತಿತ್ತು. ನನ್ನ ಮಗಳು ಹಸಿ ಜೊಂಡು ಹೆಣೆದಳು ಅಂದ ಮೇಲೆ, ಒಣಗೋವರೆಗೂ ಕಾಯೋ ಹಾಗಿಲ್ಲ ಅಂತ ಆಯ್ತಲ್ಲ."

ಸಡಿಲಮ್ಮ ಅಮ್ಮನ ಮಂಡಿಗೆ ಹಣೆ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. ಬಾಯಿ ಮುಚ್ಚಿಕೊಂಡಿದ್ದಳು, ಮುಖ ತೊಳೆದುಕೊಂಡಿದ್ದಳು, ನಕ್ಕಿದ್ದಳು, ಎಲ್ಲಾ ಮಾಡಿದ್ದಳು. ಕೊನೆಗೆ ಅಮ್ಮನಿಗೆ ಉಳಿದಿದ್ದ ಒಂದು ಹಿಡಿ ಆಸೆಯನ್ನು ತನ್ನ ಎರಡು ಕೈಯಿಂದಲೇ ಹೊಸೆದು, ತಟ್ಟಿ, ಗಂಟು ಹಾಕಿ ಮುಗಿಸಿದ್ದಳು. "ನಾನೇ ಹೇಳಿಬಿಟ್ಟೆ ಅಮ್ಮ, ನಾನೇ..."

"ಯಾರಾದ್ರೂ ಹೇಳ್ಲೇಬೇಕಿತ್ತು. ನೀನು ಹೇಳಿದ್ದು ಒಳ್ಳೇದಾಯ್ತು. ಅಳಬೇಡ, ಸೀರೆಯೆಲ್ಲಾ ಎಣ್ಣೆ ಮಾಡ್ತೀಯ." ಆದರೆ ಕೈ ಮಗಳ ತಲೆಯ ಮೇಲೇ ಇತ್ತು. "ನಿನ್ನಣ್ಣನಿಗೆ ಮಾತ್ರ ಹೇಳಬೇಡ, ನನಗೆ ಗೊತ್ತು ಅಂತ. ನನಗೆ ಗೊತ್ತಿಲ್ಲ ಅನ್ನೋ ಒಂದೇ ಧೈರ್ಯದಲ್ಲಿ ಓಡಾಡ್ತಿದ್ದಾನೆ. ನೋಡೋಕೆ ಬಂಡೆ, ಒಳಗೆ ಜೊಂಡಿನ ತಿರುಳು. ಯಾವತ್ತೂ ಹೇಳಬೇಡ, ನಾನು ಹೋದ ಮೇಲೂ."

"ಹ್ಞೂಂ."

"ಹ್ಞೂಂ ಅಲ್ಲ. ಮಾತು ಕೊಡು."

ಮಾತು ಕೊಟ್ಟಳು. ಮೂಗು ಒರೆಸಿಕೊಂಡು, ಇಷ್ಟರ ನಡುವೆಯೂ, ನಾಚಿಕೆಯಿಲ್ಲದವಳ ಹಾಗೆ ಕೇಳಿಯೇಬಿಟ್ಟಳು: "ಹಾಗಾದ್ರೆ ಚೆನ್ನಾಗಿದೆ ಅಂದಿದ್ದು ಸುಳ್ಳಾ?"

ಅಮ್ಮ ಹೆಬ್ಬೆರಳಿನಿಂದ ಸೀಟಿನ ಮೂಲೆಯನ್ನು ಮತ್ತೆ ಒತ್ತಿದಳು, ಯಾರದೋ ಕುರ್ಚಿಯನ್ನು ಪರೀಕ್ಷಿಸುವ ಹಾಗೆ. "ಜೊಂಡು ಹಸಿ," ಅಂದಳು. "ಹೆಣಿಗೆ ನನ್ನದಕ್ಕಿಂತ ಚೆನ್ನಾಗಿದೆ. ನಾನು ಸುಳ್ಳು ಹೇಳೋದು ನಿನ್ನಣ್ಣನಿಗೆ ಮಾತ್ರ."

ಅಮ್ಮ ಹೋದದ್ದು ಒಂದು ಬೆಳಿಗ್ಗೆ, ಅದೇ ಕುರ್ಚಿಯಲ್ಲಿ, ಬಾಗಿಲು ತೆಗೆದು ಬೀದಿಗೆ ಬೆಳಕು ಬಿದ್ದ ಮೇಲೆ. ಸಡಿಲಮ್ಮ ಒಳಗೆ ನೀರು ಕಾಯಿಸುತ್ತಿದ್ದಳು. ಬಂದು ನೋಡಿದಾಗ ಕೈ ಸೀಟಿನ ಅಂಚಿನ ಮೇಲಿತ್ತು, ಸೀಟು ಇನ್ನೂ ಬಿಗಿಯಾಗಿತ್ತು.

ಬಂದವರು ಬಂದರು, ಹೋದವರು ಹೋದರು. ದರ್ಜಿ ಅತ್ತ ಹಾಗೆ ಬೀದಿಯಲ್ಲಿ ಬೇರೆ ಯಾರೂ ಅಳಲಿಲ್ಲ. ಬಡಗಿ ಮಾವ ಅಂಗಡಿ ಮುಚ್ಚಿಕೊಂಡು ಎಷ್ಟೋ ದಿನ ತೆರೆಯಲಿಲ್ಲ. ಸಡಿಲಮ್ಮ ಮುಂದಿನ ಕೋಣೆ ಗುಡಿಸಿ, ಕುರ್ಚಿಯನ್ನು ಇದ್ದಲ್ಲೇ ಬಿಟ್ಟಳು. ಅದರ ಮೇಲೆ ಯಾರೂ ಕೂರುತ್ತಿರಲಿಲ್ಲ. ಕೂರದಿದ್ದರೇನು, ಜೊಂಡು ತನ್ನ ಪಾಡಿಗೆ ಒಣಗುತ್ತಿತ್ತು. ಮೊದಲು ಹಸಿರು ಹೋಯಿತು. ಆಮೇಲೆ ಎಳೆಗಳ ನಡುವೆ ಕೂದಲೆಳೆಯಷ್ಟು ಬೆಳಕು ಕಂಡಿತು. ದಿನಾ ಬೆಳಿಗ್ಗೆ ಬಾಗಿಲು ತೆರೆದಾಗ ಅವಳ ಕಣ್ಣು ಮೊದಲು ಅಲ್ಲಿಗೇ ಹೋಗುತ್ತಿತ್ತು. ಒಂದು ದಿನ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿದಳು. ಬೆರಳು ಒಳಗೆ ಹೋಯಿತು. ಅವತ್ತು ಅವಳಿಗೆ ಊಟ ಸೇರಲಿಲ್ಲ.

ಚಳಿ ಕಳೆದ ಮೇಲೆ ಒಂದು ಸಂಜೆ ಅಣ್ಣ ಡ್ಯೂಟಿ ಮುಗಿಸಿ ಬಂದ. ಖಾಕಿ ಅಂಗಿಯ ಗುಂಡಿ ಬಿಚ್ಚುತ್ತ, ಏನೋ ಯೋಚನೆಯಲ್ಲಿ, ಹೋಗಿ ಅಮ್ಮನ ಕುರ್ಚಿಯಲ್ಲೇ ಕುಳಿತುಬಿಟ್ಟ. ಸೀಟು ಕಿರ್ ಅಂತ ಜೋಲಿ, ಅವನ ಸೊಂಟ ಅರ್ಧ ಗೇಣು ಕೆಳಗಿಳಿಯಿತು. ಗಾಬರಿಯಾಗಿ ಕೈಹಿಡಿ ಹಿಡಿದುಕೊಂಡ.

"ಏನೇ ಇದು! ನಿನ್ನೆ ಮೊನ್ನೆ ಹೆಣೆದಿದ್ದಲ್ವಾ? ಇಷ್ಟು ಬೇಗ ಜೋತು ಬಿತ್ತಾ?" ಬಗ್ಗಿ ಅಂಚನ್ನು ನೋಡಿ, ಎಳೆಗಳ ಸಂದಿಗೆ ಬೆರಳು ತೂರಿಸಿದ. "ಸಂದು ನೋಡು, ಇಲಿ ಓಡಾಡಬಹುದು. ಅಯ್ಯೋ ಸಡಿಲಮ್ಮ, ಕೊನೆಗೂ ನೀನು ಸಡಿಲಮ್ಮನೇ."

ಅವಳು ಅಡುಗೆಮನೆಯ ಬಾಗಿಲಲ್ಲಿ ಟೀ ಲೋಟ ಹಿಡಿದು ನಿಂತಿದ್ದಳು.

"ಪಾಪ, ಅಮ್ಮ ನಿನ್ನ ಮನಸ್ಸು ನೋಯಬಾರದು ಅಂತ ಚೆನ್ನಾಗಿದೆ ಅಂದಿರಬೇಕು," ಅಂದ ಅಣ್ಣ. ಅವನ ದನಿ ಇಳಿಯಿತು. ಕೈಹಿಡಿಯನ್ನು ಸವರುತ್ತ ಕುಳಿತ. "ಇಲ್ಲಾ, ಕಾಯಿಲೆಯಲ್ಲಿ ಕೈಗೆ ತಿಳೀಲಿಲ್ವೋ ಏನೋ. ಒಂದೇ ಸಮಾಧಾನ ಕಣೇ ನನಗೆ. ಕೊನೆವರೆಗೂ ಅವಳಿಗೆ ಏನೂ ಗೊತ್ತಾಗ್ಲಿಲ್ಲ. ಅಲ್ವಾ? ಆರಾಮಾಗಿ ಕೂತಿದ್ದವಳು ಹಾಗೇ ಹೋದಳು. ನಾವಿಬ್ಬರೂ ಅಷ್ಟಾದ್ರೂ ಮಾಡಿದ್ವಿ."

ನನ್ನ ಹೆಣಿಗೆ ಅಮ್ಮನದಕ್ಕಿಂತ ಚೆನ್ನಾಗಿದೆ, ಅಮ್ಮನೇ ಹೇಳಿದ್ದಾಳೆ. ಆ ಮಾತು ಅವಳ ನಾಲಿಗೆಯ ತುದಿಯವರೆಗೂ ಬಂತು. ಅದೊಂದು ಮಾತಿಗಾಗಿ ಅವಳು ಹುಡುಗಿಯಾಗಿದ್ದಾಗಿನಿಂದ ಕಾದಿದ್ದಳು. ಈಗ ಅದನ್ನು ಹೇಳಿದರೆ ಜೊಂಡು ಹಸಿಯಿತ್ತು ಅನ್ನಬೇಕು, ಹಸಿಯಿತ್ತು ಅಂದರೆ ಅಮ್ಮನಿಗೆ ಎಲ್ಲಾ ಗೊತ್ತಿತ್ತು ಅಂತಲೂ ಹೇಳಬೇಕು.

"ಹೌದಣ್ಣ, ಅವಳಿಗೆ ಗೊತ್ತಾಗ್ಲಿಲ್ಲ," ಅಂದಳು. "ನನ್ನ ಕೈ ನಿನಗೆ ಗೊತ್ತಲ್ಲ. ಸರಿಯಾಗಿ ಬಿಗಿ ಎಳೆದಿರಲಿಲ್ಲ."

ಅಣ್ಣ ನಕ್ಕ. ಎಷ್ಟೋ ದಿನದ ಮೇಲೆ ನಕ್ಕ. "ಹೋಗ್ಲಿ ಬಿಡು, ಬೇಸಿಗೆಗೆ ಇನ್ನೊಂದು ಹೆಣಿ. ನಾನೂ ಬರ್ತೀನಿ ಕೊಯ್ಯೋಕೆ," ಅಂದು ಕೈ ಚಾಚಿದ. ಅವಳು ಟೀ ಲೋಟವನ್ನು ಅವನ ಕೈಗೆ ಕೊಟ್ಟಳು.